ಬ್ಯಾಕ್ಟೀರಿಯಾದ ಜೀನೋಮ್‌ನಲ್ಲಿ ಸಣ್ಣ ಆರ್‌ಎನ್‌ಎ ಹುಡುಕುವುದು, ಅದರ ಮಡಿಕೆ ಲೆಕ್ಕ ಹಾಕುವುದು: ಹೆಜ್ಜೆ ಹೆಜ್ಜೆಯಾಗಿ

ಪ್ರೋಟೀನ್ ಜೀನ್ ಹುಡುಕುವುದು ಸುಲಭ. ಅದಕ್ಕೆ ಆರಂಭದ ಕೋಡಾನ್ (ಮೂರಕ್ಷರದ ಸಂಕೇತ) ಇದೆ, ಕೊನೆಯ ಕೋಡಾನ್ ಇದೆ, ನಡುವೆ ಮೂರು ಮೂರಾಗಿ ಓದಿಸಿಕೊಳ್ಳುವ ಲಯವಿದೆ. ಸಣ್ಣ ನಿಯಂತ್ರಕ ಆರ್‌ಎನ್‌ಎಗೆ ಇದ್ಯಾವುದೂ ಇಲ್ಲ. ಸಾಮಾನ್ಯವಾಗಿ 50ರಿಂದ 400 ನ್ಯೂಕ್ಲಿಯೊಟೈಡ್ ಉದ್ದ (ಮುಂದೆ ಬೇಸ್, ಅಕ್ಷರ ಎಂದರೂ ಇದೇ). ಪ್ರೋಟೀನ್ ತಯಾರಿಯ ಸಂದೇಶ ಹೊತ್ತ ಯಾವುದೋ ಎಂಆರ್‌ಎನ್‌ಎಗೆ ಹೋಗಿ ಅಂಟಿಕೊಂಡು ಅದರ ಅನುವಾದವನ್ನು ತಡೆಯುತ್ತದೆ ಇಲ್ಲವೇ ಹೆಚ್ಚಿಸುತ್ತದೆ. ಆದ್ದರಿಂದ ಹೊಸಬರು ಮೊದಲು ಮಾಡುವ ಕೆಲಸವೆಂದರೆ ಇಡೀ ಜೀನೋಮನ್ನು ಕಿಟಕಿ ಕಿಟಕಿಯಾಗಿ ಕತ್ತರಿಸಿ, ಯಾವ ತುಣುಕು ಗಟ್ಟಿಯಾಗಿ ಮಡಚಿಕೊಳ್ಳುತ್ತದೆ ಎಂದು ನೋಡುವುದು. ಇದು ಕೆಲಸಕ್ಕೆ ಬರುವುದಿಲ್ಲ. ಆರ್‌ಎನ್‌ಎಯ ಎ, ಯು, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿ ಜಿ, ಸಿ ಹೆಚ್ಚಿರುವ ಯಾವ ತುಣುಕಾದರೂ ಗಟ್ಟಿಯಾಗಿಯೇ ಮಡಚಿಕೊಳ್ಳುತ್ತದೆ. ಮಡಿಕೆಯೊಂದೇ ಜೀನ್ ಗುರುತಿಸಲು ಸಾಲದು ಎಂದು ರಿವಾಸ್ ಮತ್ತು ಎಡ್ಡಿ 2000ದಲ್ಲೇ ತೋರಿಸಿದ್ದರು. ಮಡಿಕೆಯನ್ನು ಸಾಕ್ಷಿಯಾಗಿ ಕರೆಸಬಹುದು, ತನಿಖೆಯನ್ನೇ ಅದರ ಕೈಗೆ ಕೊಡಬಾರದು. ಈ ಮಾರ್ಗದರ್ಶಿಯ ಕ್ರಮ ಅದೇ ತತ್ವದ ಮೇಲೆ ನಿಂತಿದೆ.

ಉದಾಹರಣೆಗೆ ಇ. ಕೋಲಿ ಕೆ-12, ಎಂಜಿ1655 ತಳಿಯನ್ನು ತೆಗೆದುಕೊಳ್ಳೋಣ. ಅದರ ಬಗ್ಗೆ ಗೊತ್ತಿರುವುದು ಹೆಚ್ಚು, ಹಾಗಾಗಿ ನಿಮ್ಮ ದಾರಿ ತಪ್ಪಿದರೆ ತಕ್ಷಣ ತಿಳಿಯುತ್ತದೆ. ಅಭ್ಯಾಸಕ್ಕೆ ಕೈಯಲ್ಲಿ ಹಿಡಿಯುವ ಆರ್‌ಎನ್‌ಎ ಆರ್‌ವೈಎಚ್‌ಬಿ: 90 ನ್ಯೂಕ್ಲಿಯೊಟೈಡ್ ಉದ್ದ, ಕಬ್ಬಿಣದ ಕೊರತೆಯಾದಾಗ ಹುಟ್ಟಿ, ಕಬ್ಬಿಣ ಬಳಸುವ ಪ್ರೋಟೀನ್‌ಗಳ ಎಂಆರ್‌ಎನ್‌ಎಗಳನ್ನು ಅದುಮುತ್ತದೆ.

ಸಿದ್ಧತೆ

ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಸಾಕು. ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಿ. ಒಂದು ಬ್ಯಾಕ್ಟೀರಿಯಾ ಜೀನೋಮ್‌ಗೆ 8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ನಡೆಯುತ್ತದೆ. ಜೀವವಿಜ್ಞಾನದ ಸಾಫ್ಟ್‌ವೇರ್ ಸಂಗ್ರಹವಾದ ಬಯೋಕಾಂಡಾ ಮೂಲಕ ವಿಯೆನ್ನಾಆರ್‌ಎನ್‌ಎ, ಇನ್ಫರ್ನಲ್, ಆರ್‌ಎನ್‌ಎಜೆಡ್, ಇಂಟಾಆರ್‌ಎನ್‌ಎ, ಬ್ಲಾಸ್ಟ್, ಮ್ಯಾಫ್ಟ್, ಬೆಡ್‌ಟೂಲ್ಸ್ ಇಷ್ಟನ್ನು ಇನ್‌ಸ್ಟಾಲ್ ಮಾಡಿ. ಎಲ್ಲವನ್ನೂ ಒಂದೇ ಎನ್ವಿರಾನ್‌ಮೆಂಟ್‌ಗೆ ತುರುಕಬೇಡಿ. ಪರ್ಲ್ ಆವೃತ್ತಿಗಳ ಜಗಳ ಶುರುವಾದರೆ ಅರ್ಧ ದಿನ ಹೋಗುತ್ತದೆ. ಆರ್‌ಎನ್‌ಎಜೆಡ್‌ಗಾದರೂ ಬೇರೆ ಎನ್ವಿರಾನ್‌ಮೆಂಟ್ ಇರಲಿ. ಉಪಕರಣಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ, ಟರ್ಮಿನಲ್‌ನಲ್ಲಿ ರೋಮನ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಹೆಜ್ಜೆ 1: ಜೀನೋಮ್ ತಂದು, ಖಾಲಿ ಜಾಗ ಕತ್ತರಿಸುವುದು

ಎನ್‌ಸಿಬಿಐ ಎಂಬ ಅಮೆರಿಕದ ದತ್ತಾಂಶ ಸಂಗ್ರಹದಿಂದ ಎನ್‌ಸಿ_000913.3 ಎಂಬ ದಾಖಲೆಯ ಫಾಸ್ಟಾ (ಅನುಕ್ರಮ) ಮತ್ತು ಜಿಎಫ್‌ಎಫ್ (ಜೀನ್‌ಗಳ ಸ್ಥಾನ) ಕಡತಗಳನ್ನು ಇಳಿಸಿಕೊಳ್ಳಿ. ಉದ್ದ 46,41,652 ಬೇಸ್ ಜೋಡಿ ಇರಬೇಕು. ಕೊನೆಯ '.3' ಮರೆಯಬೇಡಿ: ಹಿಂದಿನ ಆವೃತ್ತಿಯಲ್ಲಿ ಸ್ಥಾನಸಂಖ್ಯೆಗಳು ಬೇರೆ, ಹಳೆಯ ಲೇಖನಗಳಲ್ಲಿರುವ ಸಂಖ್ಯೆ ಹಿಡಿದು ಹೋದರೆ ಪಕ್ಕದ ಜೀನ್‌ಗೆ ತಲುಪುತ್ತೀರಿ.

ಈಗ ಜೀನ್‌ಗಳ ನಡುವಿನ ಜಾಗ ಬೇಕು. ಜಿಎಫ್‌ಎಫ್‌ನಲ್ಲಿ ಎಣಿಕೆ 1ರಿಂದ ಶುರು, ಬೆಡ್‌ಟೂಲ್ಸ್ ಬಳಸುವ ಬೆಡ್ ಮಾದರಿಯಲ್ಲಿ 0ಯಿಂದ. ಪರಿವರ್ತಿಸುವಾಗ ಆರಂಭದ ಸ್ಥಾನದಿಂದ ಒಂದು ಕಳೆಯಿರಿ, ಅಂತ್ಯವನ್ನು ಮುಟ್ಟಬೇಡಿ. ಈ ಒಂದು ಬೇಸ್‌ನ ತಪ್ಪು ಎಲ್ಲಿಯೂ ಎರರ್ ಕೊಡುವುದಿಲ್ಲ, ಕೊನೆಯವರೆಗೂ ಮೌನವಾಗಿ ಜೊತೆಗೆ ಬರುತ್ತದೆ. ಬೆಡ್‌ಟೂಲ್ಸ್‌ನ 'ಕಾಂಪ್ಲಿಮೆಂಟ್' ಆಜ್ಞೆ ಉಳಿದ ಜಾಗಗಳನ್ನು ಕೊಡುತ್ತದೆ. 50ಕ್ಕಿಂತ ಚಿಕ್ಕವನ್ನು ಬಿಡಿ. ಡಿಎನ್‌ಎಯ ಎರಡೂ ಎಳೆಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಿ, ಏಕೆಂದರೆ ಆರ್‌ಎನ್‌ಎ ಯಾವ ಎಳೆಯಿಂದ ಹೊರಡುತ್ತದೆ ಎಂಬುದು ಇನ್ನೂ ಗೊತ್ತಿಲ್ಲ.

ಇ. ಕೋಲಿಯಲ್ಲಿ ಒಂದು ಕಾಟವಿದೆ: 'ರೆಪ್' ಎಂಬ ಪುನರಾವರ್ತಿತ ತುಣುಕುಗಳು. ಸುಮಾರು 35 ಬೇಸ್ ಉದ್ದ, ಕನ್ನಡಿಯಂತೆ ಹಿಂದು ಮುಂದಾಗಿ ಹೊಂದುವ ಅನುಕ್ರಮ, ಜೀನ್‌ಗಳ ನಡುವೆಯೇ ನೂರಾರು ಕಡೆ ಹರಡಿಕೊಂಡಿವೆ. ಯಾವ ಪ್ರೋಗ್ರಾಂಗೆ ಕೊಟ್ಟರೂ 'ಅದ್ಭುತ ಹೇರ್‌ಪಿನ್' (ತನ್ನ ಮೇಲೇ ಮಡಚಿ ಜೋಡಿಯಾದ ತುಣುಕು) ಎನ್ನುತ್ತದೆ. ಖಾಲಿ ಜಾಗದ ತುಣುಕುಗಳನ್ನು ಇಡೀ ಜೀನೋಮ್ ವಿರುದ್ಧ ಬ್ಲಾಸ್ಟ್ ಮಾಡಿ (ಹೋಲುವ ಅನುಕ್ರಮ ಹುಡುಕಿ), ಹಲವು ಕಡೆ ಹೊಂದಿಕೆ ಸಿಗುವ ಭಾಗಗಳನ್ನು ಮೊದಲೇ ಮುಚ್ಚಿಬಿಡಿ. ಜಿಗಿಯುವ ಐಎಸ್ ತುಣುಕುಗಳೂ ಇದರಲ್ಲೇ ಹೋಗುತ್ತವೆ.

ಒಂದು ಮಿತಿ ಈಗಲೇ ತಿಳಿದಿರಲಿ. ಎಲ್ಲ ಸಣ್ಣ ಆರ್‌ಎನ್‌ಎಗಳೂ ಖಾಲಿ ಜಾಗದಲ್ಲಿ ಇರುವುದಿಲ್ಲ. ಸಿಪಿಎಕ್ಸ್‌ಕ್ಯೂ ಎಂಬುದು ಒಂದು ಎಂಆರ್‌ಎನ್‌ಎಯ ಬಾಲವನ್ನೇ ಕತ್ತರಿಸಿದಾಗ ಹುಟ್ಟುತ್ತದೆ. ಅಂಥವು ಈ ಜಾಲಕ್ಕೆ ಬೀಳುವುದಿಲ್ಲ. ಅವಕ್ಕೆ ಕೋಶದಲ್ಲಿರುವ ಆರ್‌ಎನ್‌ಎಗಳನ್ನೇ ಓದಿದ ಆರ್‌ಎನ್‌ಎ-ಸೀಕ್ ದತ್ತಾಂಶವೇ ಬೇಕು.

ಹೆಜ್ಜೆ 2: ಗೊತ್ತಿರುವುದನ್ನು ಮೊದಲು ಪಕ್ಕಕ್ಕಿಡುವುದು

ಆರ್‌ಫ್ಯಾಮ್ ಸಂಗ್ರಹದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಆರ್‌ಎನ್‌ಎ ಕುಟುಂಬಗಳ ಮಾದರಿಗಳಿವೆ. ಅನುಕ್ರಮ ಮತ್ತು ಮಡಿಕೆ ಎರಡನ್ನೂ ಒಟ್ಟಿಗೆ ಅಳೆಯುವ ಈ ಮಾದರಿಗಳಿಗೆ ಕೋವೇರಿಯನ್ಸ್ ಮಾದರಿ ಎಂದು ಹೆಸರು. ಮಾದರಿ ಕಡತ ಇಳಿಸಿ, 'ಸಿಎಂಪ್ರೆಸ್' ಮಾಡಿ, ಆಮೇಲೆ ಇಡೀ ಜೀನೋಮ್ ಮೇಲೆ 'ಸಿಎಂಸ್ಕ್ಯಾನ್' ಓಡಿಸಿ. 'ಝಡ್' ಆಯ್ಕೆಗೆ ಜೀನೋಮ್ ಉದ್ದದ ಎರಡರಷ್ಟನ್ನು ಮೆಗಾಬೇಸ್‌ನಲ್ಲಿ ಕೊಡಿ, ಇಲ್ಲಿ 9.283304. ಎರಡರಷ್ಟು ಏಕೆಂದರೆ ಎರಡೂ ಎಳೆಗಳನ್ನು ಹುಡುಕುತ್ತಿದ್ದೀರಿ. 'ಕಟ್-ಜಿಎ' ಆಯ್ಕೆ ಹಾಕಿದರೆ ಪ್ರತಿ ಕುಟುಂಬಕ್ಕೂ ಅದನ್ನು ಕಟ್ಟಿದವರೇ ಇಟ್ಟ ಬಿಟ್ ಅಂಕದ ಮಿತಿ ಅನ್ವಯವಾಗುತ್ತದೆ. ಎಲ್ಲಕ್ಕೂ ಒಂದೇ ಇ-ಮೌಲ್ಯ (ಆಕಸ್ಮಿಕವಾಗಿ ಸಿಗಬಹುದಾದ ಹೊಂದಿಕೆಗಳ ಅಂದಾಜು) ಹಾಕುವುದಕ್ಕಿಂತ ಇದು ಎಷ್ಟೋ ವಾಸಿ. 'ಕ್ಲಾನ್‌ಇನ್' ಕಡತವನ್ನೂ ಜೊತೆಗೆ ಕೊಡಿ, ಔಟ್‌ಪುಟ್ ಮಾದರಿ 2 ಇರಲಿ. ಒಂದೇ ಜಾಗಕ್ಕೆ ಸಂಬಂಧಿ ಕುಟುಂಬಗಳೆಲ್ಲ ಮುಗಿಬಿದ್ದಾಗ, ಸೋತ ಸಾಲುಗಳಲ್ಲಿ '=' ಗುರುತು ಬರುತ್ತದೆ; ಅವನ್ನು ಕಿತ್ತುಹಾಕಿ.

ಫಲಿತಾಂಶ ಸರಿಯಿದೆಯೇ ಎಂದು ಪರೀಕ್ಷಿಸಲು ಒಳ್ಳೆಯ ದಾರಿಯಿದೆ. ಈ ತಳಿಯಲ್ಲಿ 7 ರೈಬೋಸೋಮ್ ಆರ್‌ಎನ್‌ಎ ಸಾಲುಗಳಿವೆ, ಒಟ್ಟು 22 ಜೀನ್‌ಗಳು: 16ಎಸ್ ಏಳು, 23ಎಸ್ ಏಳು, 5ಎಸ್ ಎಂಟು. 184 ಉದ್ದದ 6ಎಸ್ ಒಂದು, 363 ಉದ್ದದ ಟಿಎಂಆರ್‌ಎನ್‌ಎ ಒಂದು. ಎಣಿಕೆ ಇದಕ್ಕೆ ಹೊಂದದಿದ್ದರೆ ಮುಂದೆ ಹೋಗಬೇಡಿ; ಫಾಸ್ಟಾ ಅರ್ಧ ಇಳಿದಿರಬಹುದು, ಇಲ್ಲವೇ '=' ಸಾಲುಗಳು ಉಳಿದಿರಬಹುದು.

ರೈಬೋಸ್ವಿಚ್, ಲೀಡರ್ ಭಾಗಗಳೂ ಪಟ್ಟಿಯಲ್ಲಿ ಬರುತ್ತವೆ. ಅವು ಎಂಆರ್‌ಎನ್‌ಎಯದೇ ತಲೆಯ ಭಾಗ, ಸ್ವತಂತ್ರ ಸಣ್ಣ ಆರ್‌ಎನ್‌ಎಗಳಲ್ಲ. ಬೇರೆ ಪಟ್ಟಿಗೆ ಸರಿಸಿ.

ಹೆಜ್ಜೆ 3: ತಲೆ ಮತ್ತು ಬಾಲ

2001ರಲ್ಲಿ ಮೂರು ಗುಂಪುಗಳು ಬೇರೆ ಬೇರೆಯಾಗಿ ಇ. ಕೋಲಿಯಲ್ಲಿ ಈ ಬೇಟೆ ನಡೆಸಿದವು. ಅರ್ಗಮಾನ್ ಮತ್ತು ಸಂಗಡಿಗರು ಖಾಲಿ ಜಾಗದಲ್ಲಿ ಪ್ರೊಮೋಟರ್ (ಆರ್‌ಎನ್‌ಎ ನಕಲು ಶುರುವಾಗಲು ಗುರುತು) ಮತ್ತು ಟರ್ಮಿನೇಟರ್ (ಅದು ನಿಲ್ಲುವ ಗುರುತು) 50ರಿಂದ 400 ಬೇಸ್ ಅಂತರದಲ್ಲಿ ಜೋಡಿಯಾಗಿ ಇರುವಲ್ಲಿ, ಸಂಬಂಧಿ ಬ್ಯಾಕ್ಟೀರಿಯಾಗಳಲ್ಲೂ ಅದು ಉಳಿದಿದೆಯೇ ಎಂದು ನೋಡಿದರು. ಪ್ರಯೋಗದಲ್ಲಿ ಪರೀಕ್ಷಿಸಿದ 23ರಲ್ಲಿ 14 ನಿಜವಾದವು. ರಿವಾಸ್ ಗುಂಪು ಮಡಿಕೆ ಉಳಿದುಬಂದಿರುವ ಗುರುತನ್ನು ನೆಚ್ಚಿಕೊಂಡಿತು. 275 ಅಭ್ಯರ್ಥಿಗಳಲ್ಲಿ 49ನ್ನು ಪರೀಕ್ಷಿಸಿ, 11 ಕಡೆ ಆರ್‌ಎನ್‌ಎ ಕಂಡಿತು. ಪ್ರಯೋಗದ ಪರಿಸ್ಥಿತಿಗಳು ಬೇರೆಯಾಗಿದ್ದವು, ಹಾಗಾಗಿ ಎರಡನ್ನು ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ. ಆದರೂ ಸರಳವಾದ ಪ್ರೊಮೋಟರ್-ಟರ್ಮಿನೇಟರ್ ಜೋಡಿ ಎಷ್ಟು ಬಲವಾದ ಗುರುತು ಎಂಬುದು ಕಾಣುತ್ತದೆ. ಬ್ಯಾಕ್ಟೀರಿಯಾದಲ್ಲಿ ನಮ್ಮ ಮೊದಲ ಆಯ್ಕೆ ಇದೇ.

ಪ್ರೊಮೋಟರ್ ಗುರುತು ದುರ್ಬಲ. ಟಿಟಿಜಿಎಸಿಎ, ಆಮೇಲೆ ಸುಮಾರು 17 ಬೇಸ್ ಅಂತರ, ಆಮೇಲೆ ಟಿಎಟಿಎಎಟಿ. ಒಂದೆರಡು ಅಕ್ಷರ ಬದಲಾದರೂ ಕೆಲಸ ಮಾಡುತ್ತದೆ, ಹಾಗಾಗಿ ಎಲ್ಲೆಲ್ಲೂ ಸಿಗುತ್ತದೆ. ಟರ್ಮಿನೇಟರ್ ಗುರುತು ಗಟ್ಟಿ: ಜಿ-ಸಿ ಹೆಚ್ಚಿರುವ ಹೇರ್‌ಪಿನ್, ಬೆನ್ನಿಗೇ ಯು ಸಾಲು. ಟ್ರಾನ್ಸ್‌ಟರ್ಮ್‌ಎಚ್‌ಪಿ ಇದನ್ನು ಚೆನ್ನಾಗಿ ಹುಡುಕುತ್ತದೆ. ಬಾಲದಿಂದ ಶುರುಮಾಡಿ ತಲೆಯತ್ತ ಹೋಗಿ.

ಆರ್‌ವೈಎಚ್‌ಬಿಯ ಬಾಲ ನೋಡಿ. ಕೊನೆಯಲ್ಲಿ

ಎಜಿಸಿಸಿಎಜಿಸಿ – ಸಿಜಿಜಿಜಿಯು – ಜಿಸಿಯುಜಿಜಿಸಿಯು – ಯುಯುಯು

ಎಂದಿದೆ. ಮೊದಲ ಏಳು ಅಕ್ಷರ ಮೂರನೆಯ ತುಂಡಿನ ಏಳರೊಂದಿಗೆ ಹಿಂದುಮುಂದಾಗಿ ಜೋಡಿಯಾಗುತ್ತವೆ, ಐದು ಅಕ್ಷರದ ಕುಣಿಕೆ ಮೇಲೆ ಉಳಿಯುತ್ತದೆ (ಕೆಳಗೆ ಆವರಣ ಚಿಹ್ನೆ ಜೋಡಿಯಾದ ಅಕ್ಷರ, ಚುಕ್ಕೆ ಬಿಡಿ ಅಕ್ಷರ):

(((((((.....)))))))...

ಜೋಡಿಗಳ ಈ ಒಂದು ಕಾಂಡದ ಬಲ ಪ್ರತಿ ಮೋಲ್‌ಗೆ ಸುಮಾರು −11 ಕಿಲೊಕ್ಯಾಲರಿ. ಇಂಥ ಬಾಲ ಕಂಡರೆ ಹಿಂದಕ್ಕೆ 50ರಿಂದ 400 ಬೇಸ್ ಒಳಗೆ ಪ್ರೊಮೋಟರ್ ಇದೆಯೇ ಎಂದು ನೋಡುವುದು. ಒಂದೇ ಎಚ್ಚರಿಕೆ: ಪಕ್ಕದ ಪ್ರೋಟೀನ್ ಜೀನ್ ಕೂಡ ಇಂಥದೇ ಟರ್ಮಿನೇಟರ್‌ನಲ್ಲಿ ಮುಗಿಯಬಹುದು. ಅದೇ ಎಳೆಯಲ್ಲಿ ಮೇಲ್ಭಾಗದ ಜೀನ್‌ನ ಕೊನೆಯ ಕೋಡಾನ್‌ಗೆ ತೀರ ಹತ್ತಿರದಲ್ಲಿದ್ದರೆ ಅದು ಬಹುಶಃ ಆ ಜೀನ್‌ನ ಬಾಲವೇ.

ಹೆಜ್ಜೆ 4: ನೆಂಟರ ಮನೆಯಲ್ಲೂ ಇದೆಯೇ

ಸಾಲ್ಮೊನೆಲ್ಲಾ, ಸಿಟ್ರೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಯೆರ್ಸಿನಿಯಾ ಈ ನಾಲ್ಕರಿಂದ ಒಂದೊಂದು ಜೀನೋಮ್ ತೆಗೆದುಕೊಳ್ಳಿ. ಇ. ಕೋಲಿಯದೇ ಇಪ್ಪತ್ತು ತಳಿಗಳನ್ನು ತರುವುದರಿಂದ ಉಪಯೋಗವಿಲ್ಲ. ಎಲ್ಲ ಒಂದೇ ಆಗಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಶೇ. 65ರಿಂದ 90ರಷ್ಟು ಹೋಲುವ ಅನುಕ್ರಮಗಳು ಹದ.

ಬ್ಲಾಸ್ಟ್‌ಎನ್ ಆಜ್ಞೆಯನ್ನು ಸುಮ್ಮನೆ ಓಡಿಸಿದರೆ ಅದು ಒಳಗೆ ಮೆಗಾಬ್ಲಾಸ್ಟ್ ಆಗಿ ಓಡುತ್ತದೆ, ಆರಂಭಕ್ಕೇ 28 ಅಕ್ಷರ ಅಚ್ಚುಕಟ್ಟಾಗಿ ಹೊಂದಬೇಕು ಎನ್ನುತ್ತದೆ. 90 ಅಕ್ಷರದ ಆರ್‌ಎನ್‌ಎಯಲ್ಲಿ ಒಂದಷ್ಟು ಬದಲಾವಣೆ ಇದ್ದರೂ ಸಾಕು, 'ಏನೂ ಸಿಗಲಿಲ್ಲ' ಎಂದು ಕೈಚೆಲ್ಲುತ್ತದೆ. 'ಟಾಸ್ಕ್' ಆಯ್ಕೆಯಲ್ಲಿ ಬ್ಲಾಸ್ಟ್‌ಎನ್ ಎಂದೇ ಬರೆಯಿರಿ, ಪದದ ಉದ್ದ 7 ಇಡಿ, ಇ-ಮೌಲ್ಯ 0.001. 'ನಮ್ಮ ಆರ್‌ಎನ್‌ಎ ಬೇರೆಲ್ಲೂ ಇಲ್ಲ' ಎನ್ನುವ ಎಷ್ಟೋ ತೀರ್ಮಾನಗಳ ಹಿಂದೆ ಇರುವುದು ಈ 28.

ಸಿಕ್ಕ ಅನುಕ್ರಮಗಳನ್ನು ಮ್ಯಾಫ್ಟ್‌ನಲ್ಲಿ ಜೋಡಿಸಿ ಆರ್‌ಎನ್‌ಎಜೆಡ್‌ಗೆ ಕೊಡಿ. ಉದ್ದನೆಯ ಜೋಡಣೆಯನ್ನು ಅದರ ಜೊತೆಗೇ ಬರುವ ಸ್ಕ್ರಿಪ್ಟ್ 120 ಅಕ್ಷರದ ಕಿಟಕಿಗಳಾಗಿ, 40ರ ಹೆಜ್ಜೆಯಲ್ಲಿ ಕತ್ತರಿಸುತ್ತದೆ. ಅನುಕ್ರಮಗಳು ಹೆಚ್ಚಿದ್ದರೆ ಆರನ್ನು ಆರಿಸಿಕೊಳ್ಳುತ್ತದೆ. ಅದು ಎರಡು ವಿಷಯ ನೋಡುತ್ತದೆ: ಮಡಿಕೆ ನಿರೀಕ್ಷೆಗಿಂತ ಗಟ್ಟಿಯೇ, ಮತ್ತು ಎಲ್ಲವೂ ಒಂದೇ ಆಕಾರಕ್ಕೆ ಮಡಚಿಕೊಳ್ಳುತ್ತವೆಯೇ. ಸಂಭವನೀಯತೆ 0.5 ದಾಟಿದರೆ ಅಭ್ಯರ್ಥಿ ಎನ್ನುತ್ತದೆ. ಜೀನೋಮ್ ಪೂರ್ತಿ ಹುಡುಕುವಾಗ 0.9ಕ್ಕಿಂತ ಕೆಳಗಿನದನ್ನು ಮುಟ್ಟಬೇಡಿ. ಅದೇ ಜೋಡಣೆಗಳ ಕಂಬಗಳನ್ನು ಕಲಸಿ ಮತ್ತೊಮ್ಮೆ ಓಡಿಸಿ. ಕಲಸಿದ್ದರಲ್ಲಿ ಎಷ್ಟು 'ಸಿಕ್ಕವೋ' ಅಷ್ಟು ಸುಳ್ಳು ನಿಮ್ಮ ಅಸಲಿ ಪಟ್ಟಿಯಲ್ಲೂ ಇದೆ ಎಂದು ತಿಳಿಯಿರಿ.

ಎಳೆ ಯಾವುದೆಂದು ತಿಳಿಯಲು ಜಿ-ಯು ಜೋಡಿ ನೆರವಾಗುತ್ತದೆ. ಜಿ-ಸಿ ಜೋಡಿ ಎದುರು ಎಳೆಯಲ್ಲೂ ಜೋಡಿಯೇ. ಆದರೆ ಜಿ-ಯು ಎದುರು ಎಳೆಯಲ್ಲಿ ಸಿ-ಎ ಆಗುತ್ತದೆ, ಅದು ಕೂಡುವುದಿಲ್ಲ. ಎರಡೂ ದಿಕ್ಕಿನಲ್ಲಿ ಓಡಿಸಿ ಹೋಲಿಸಿ.

ಹೆಜ್ಜೆ 5: ಮಡಿಕೆ

ಸಾಕ್ಷಿಯನ್ನು ಕರೆಸುವ ಹೊತ್ತು ಈಗ ಬಂತು. ವಿಯೆನ್ನಾಆರ್‌ಎನ್‌ಎಯಲ್ಲಿ ಮಡಿಕೆ ಲೆಕ್ಕ ಹಾಕುವ ಆರ್‌ಎನ್‌ಎಫೋಲ್ಡ್ ಏನು ಮಾಡುತ್ತದೆ ಎಂಬುದನ್ನು ಕೈಲೆಕ್ಕದಲ್ಲಿ ಒಮ್ಮೆ ಮಾಡಿದರೆ ಆಮೇಲೆ ಅದರ ಮಾತನ್ನು ಎಷ್ಟು ನಂಬಬೇಕೆಂದು ತಿಳಿಯುತ್ತದೆ. ಅನುಕ್ರಮ: ಜಿಜಿಜಿಜಿ ಎಎಎಎ ಸಿಸಿಸಿಸಿ. ಉತ್ತರ:

((((....))))  (−5.40)

ನಾಲ್ಕು ಜೋಡಿ ಒಂದರ ಮೇಲೊಂದು ಕೂತಾಗ ನಡುವೆ ಮೂರು ಅಟ್ಟಿಗಳು. ಪ್ರತಿ ಅಟ್ಟಿಗೆ −3.3, ಒಟ್ಟು −9.9. ನಾಲ್ಕು ಅಕ್ಷರದ ಕುಣಿಕೆ ಬಗ್ಗಿಸಲು ದಂಡ +5.6. ಕುಣಿಕೆಯೊಳಗೆ ಮೊದಲ ಮತ್ತು ಕೊನೆಯ ಎ ಒಂದಕ್ಕೊಂದು ಒರಗಿಕೊಳ್ಳುವುದಕ್ಕೆ −1.1. ಕೂಡಿದರೆ −5.4. ಟರ್ನರ್ ಪ್ರಯೋಗಾಲಯದ ಅಳತೆಗಳು ಇವು, 37 ಡಿಗ್ರಿ, 1 ಮೋಲಾರ್ ಉಪ್ಪಿನಲ್ಲಿ ತೆಗೆದವು. ಬಲ ಕೊಡುವುದು ಒಂಟಿ ಜೋಡಿಯಲ್ಲ, ಪಕ್ಕಪಕ್ಕದ ಎರಡು ಜೋಡಿಗಳ ಅಟ್ಟಿ. ಕುಣಿಕೆ ಮೂರು ಅಕ್ಷರಕ್ಕಿಂತ ಕಡಿಮೆ ಇರುವಂತಿಲ್ಲ. ಸಾಧ್ಯವಿರುವ ಎಲ್ಲ ಮಡಿಕೆಗಳಲ್ಲಿ ಕನಿಷ್ಠ ಶಕ್ತಿಯದನ್ನು ಹುಡುಕುವ ಲೆಕ್ಕ 1981ರಲ್ಲಿ ಜುಕರ್ ಮತ್ತು ಸ್ಟೀಗ್ಲರ್ ಕೊಟ್ಟದ್ದು. ಉದ್ದ ಎರಡರಷ್ಟಾದರೆ ಸಮಯ ಎಂಟರಷ್ಟಾಗುತ್ತದೆ.

ಈ ಕನಿಷ್ಠ ಶಕ್ತಿಯ ಮಡಿಕೆಯನ್ನೇ ಚಿತ್ರ ಮಾಡಿ ಪ್ರಬಂಧದಲ್ಲಿ ಅಂಟಿಸುವುದು ಸಾಮಾನ್ಯ ಚಾಳಿ. ಅದು ಅನೇಕ ಮಡಿಕೆಗಳಲ್ಲಿ ಒಂದು ಮಾತ್ರ. ದೇಹದ ಉಷ್ಣತೆಯಲ್ಲಿ 1.4 ಕಿಲೊಕ್ಯಾಲರಿ ವ್ಯತ್ಯಾಸವೆಂದರೆ ಸಂಭವದಲ್ಲಿ ಹತ್ತು ಪಟ್ಟು. ಅರ್ಧ ಕಿಲೊಕ್ಯಾಲರಿ ದೂರದಲ್ಲಿರುವ ಇನ್ನೊಂದು ಮಡಿಕೆಯ ಸಂಭವ ಇದರ ಅರ್ಧದ ಹತ್ತಿರ ಇರುತ್ತದೆ. ಆದ್ದರಿಂದ 'ಪಿ' ಆಯ್ಕೆ ಯಾವಾಗಲೂ ಹಾಕಿ. ಆಗ ಮೆಕ್‌ಕಾಸ್ಕಿಲ್ 1990ರಲ್ಲಿ ಕೊಟ್ಟ ವಿಧಾನದಿಂದ ಪ್ರತಿ ಜೋಡಿಯ ಸಂಭವನೀಯತೆ ಬರುತ್ತದೆ. ಕೊನೆಯ ಸಾಲಿನಲ್ಲಿ ಕನಿಷ್ಠ ಮಡಿಕೆಯ ಪಾಲು ಎಷ್ಟು ಎಂಬುದೂ ಇರುತ್ತದೆ. 0.05 ಎಂದಿದ್ದರೆ ಆ ಚೆಂದದ ಚಿತ್ರ ನೂರರಲ್ಲಿ ಐದು ಅಣುಗಳದ್ದು. ಗಾಬರಿ ಬೇಡ, ಕಾಂಡಗಳ ಮಟ್ಟದಲ್ಲಿ ನೋಡಿ: ಟರ್ಮಿನೇಟರ್ ಕಾಂಡ 0.95ರ ಮೇಲಿದ್ದು, ನಡುವಿನ ಭಾಗ ಮಾತ್ರ ಅಲ್ಲಾಡುತ್ತಿದ್ದರೆ ಅದು ನಿಯಂತ್ರಕ ಆರ್‌ಎನ್‌ಎಗೆ ಸಹಜವೇ. ಗುರಿ ಎಂಆರ್‌ಎನ್‌ಎ ಹಿಡಿಯುವ ಭಾಗ ಬಿಡಿಯಾಗಿ ಇರಲೇಬೇಕಲ್ಲ.

ಇಲ್ಲಿ ಹೆಚ್ಚು ಕೈಕೊಡುವುದು ತುದಿಗಳು. ತಲೆ ಕಡೆ ಇಪ್ಪತ್ತು ಅಕ್ಷರ ಹೆಚ್ಚಾಗಿ ಕತ್ತರಿಸಿಕೊಂಡಿರಿ ಎನ್ನಿ. ನಿಜವಾದ ಆರ್‌ಎನ್‌ಎಯಲ್ಲಿ ಇಲ್ಲದ ಆ ಇಪ್ಪತ್ತು ಅಕ್ಷರ ಒಳಗಿನ ಯಾವುದೋ ಭಾಗದೊಂದಿಗೆ ಕೂಡಿ, ನಿಜವಾದ ಕಾಂಡವನ್ನೇ ಒಡೆಯುತ್ತದೆ. ಪ್ರೊಮೋಟರ್ ಅಂದಾಜಿನ ತಲೆ ಐದಾರು ಬೇಸ್ ಆಚೀಚೆ ಇರಬಹುದು. ಮೂರು ನಾಲ್ಕು ಬೇರೆ ತಲೆಗಳನ್ನಿಟ್ಟು ಮಡಚಿ ನೋಡಿ. ಎಲ್ಲದರಲ್ಲೂ ಉಳಿಯುವ ಕಾಂಡವನ್ನಷ್ಟೇ ನಂಬಿ.

ಗಟ್ಟಿತನ ವಿಶೇಷವೇ ಎಂದು ಅಳೆಯಲು ಅನುಕ್ರಮವನ್ನು ಸಾವಿರ ಸಲ ಕಲಸಿ ಮಡಚಿ, ಸರಾಸರಿಯಿಂದ ಎಷ್ಟು ಮಾನಕ ವಿಚಲನೆ ಕೆಳಗಿದೆ ನೋಡಿ. ಅಕ್ಷರಗಳನ್ನು ಬಿಡಿಬಿಡಿಯಾಗಿ ಕಲಸಿದರೆ ಲೆಕ್ಕ ತಪ್ಪು. ಬಲ ಬರುವುದು ಅಟ್ಟಿಗಳಿಂದ ಎಂದು ಈಗಷ್ಟೇ ನೋಡಿದೆವು. ಹಾಗಾಗಿ ಪಕ್ಕಪಕ್ಕದ ಎರಡಕ್ಷರದ ಎಣಿಕೆ ಕೆಡದಂತೆ, ಆಲ್ಟ್‌ಶುಲ್-ಎರಿಕ್ಸನ್ ವಿಧಾನದಲ್ಲಿ ಕಲಸಬೇಕು. −2ಕ್ಕಿಂತ ಕೆಳಗೆ ಬಂದರೆ ಗಮನಿಸಬಹುದು. ಟರ್ಮಿನೇಟರ್ ಬಿಟ್ಟು ಇನ್ನೊಮ್ಮೆ ಮಾಡಿ, ಏಕೆಂದರೆ ಬಾಲದ ಆ ಒಂದು ಕಾಂಡವೇ ಇಡೀ ಅಂಕ ತಂದುಕೊಟ್ಟಿರಬಹುದು.

ಈ ಲೆಕ್ಕಕ್ಕೆ ಕಾಣದವು: ಸ್ಯೂಡೋನಾಟ್ ಗಂಟುಗಳು (ಕುಣಿಕೆಯ ಅಕ್ಷರಗಳು ಹೊರಗಿನ ಭಾಗದೊಂದಿಗೆ ಕೂಡಿದವು), ಮೆಗ್ನೀಸಿಯಂ, ಸಣ್ಣ ಆರ್‌ಎನ್‌ಎಗಳನ್ನು ಹಿಡಿಯುವ ಎಚ್‌ಎಫ್‌ಕ್ಯೂ ಪ್ರೋಟೀನ್. ಗೊತ್ತಿರುವ ಮಡಿಕೆಗಳೊಂದಿಗೆ ಹೋಲಿಸಿದಾಗ 700 ಅಕ್ಷರದೊಳಗಿನ ಆರ್‌ಎನ್‌ಎಗಳಲ್ಲಿ ಸುಮಾರು ಶೇ. 70ರಷ್ಟು ಜೋಡಿಗಳು ಸರಿ ಬರುತ್ತವೆ. ಯಾವ ಅಕ್ಷರ ಬಿಡಿಯಾಗಿದೆ ಎಂದು ರಾಸಾಯನಿಕದಿಂದ ಅಳೆಯುವ ಶೇಪ್ ಪ್ರಯೋಗದ ದತ್ತಾಂಶವಿದ್ದರೆ ಆರ್‌ಎನ್‌ಎಫೋಲ್ಡ್‌ಗೆ ನೇರವಾಗಿ ಕೊಡಬಹುದು. ಇಲ್ಲದಿದ್ದರೆ ಮುಂದಿನ ದಾರಿ ಹೋಲಿಕೆಯೇ.

ಹೆಜ್ಜೆ 6: ಜೊತೆಜೊತೆಯಾಗಿ ಬದಲಾದ ಜೋಡಿಗಳು

ನೆಂಟರ ಅನುಕ್ರಮಗಳ ಜೋಡಣೆಯನ್ನು ಆರ್‌ಎನ್‌ಎಅಲಿಫೋಲ್ಡ್‌ಗೆ ಕೊಟ್ಟು ಸಾಮಾನ್ಯ ಮಡಿಕೆ ಪಡೆಯಿರಿ. ಇ. ಕೋಲಿಯಲ್ಲಿ ಜಿ-ಸಿ ಇದ್ದ ಕಡೆ ಕ್ಲೆಬ್ಸಿಯೆಲ್ಲಾದಲ್ಲಿ ಎ-ಯು ಇದೆ, ಅಂದರೆ ಎರಡೂ ಬದಲಾಗಿ ಜೋಡಿ ಮಾತ್ರ ಉಳಿದಿದೆ. ಇದು ಯಾವ ಶಕ್ತಿಯ ಅಂಕಕ್ಕಿಂತಲೂ ದೊಡ್ಡ ಸಾಕ್ಷಿ. ಆದರೆ ಒಂದೆರಡು ಕಡೆ ಹೀಗಾಗಿರುವುದು ಆಕಸ್ಮಿಕವೂ ಆಗಬಹುದು. ಆರ್-ಸ್ಕೇಪ್ ಎಂಬ ಉಪಕರಣ ಅದನ್ನೇ ಅಳೆಯುತ್ತದೆ, ಇ-ಮೌಲ್ಯ 0.05ರ ಮಿತಿಯಲ್ಲಿ ಎಷ್ಟು ಜೋಡಿ ಪಾಸಾದವು ಎಂದು ಹೇಳುತ್ತದೆ. ಸೊನ್ನೆ ಬಂದರೆ ತಕ್ಷಣ ಅಭ್ಯರ್ಥಿಯನ್ನು ಎಸೆಯಬೇಡಿ; ಅನುಕ್ರಮಗಳು ತೀರ ಒಂದೇ ತರಹ ಇದ್ದರೆ ಅಳೆಯಲು ಬದಲಾವಣೆಯೇ ಇರುವುದಿಲ್ಲ, ಬದಲಾವಣೆ ಹಿಡಿಯುವ ಸಾಮರ್ಥ್ಯ ಜೋಡಣೆಗೆ ಎಷ್ಟಿತ್ತು ಎಂಬ ಅಂದಾಜನ್ನೂ ಅದೇ ಕೊಡುತ್ತದೆ.

ಜೋಡಣೆ ಚೆನ್ನಾಗಿದ್ದರೆ 'ಸಿಎಂಬಿಲ್ಡ್', 'ಸಿಎಂಕ್ಯಾಲಿಬ್ರೇಟ್' ಮಾಡಿ ನಿಮ್ಮದೇ ಮಾದರಿ ಕಟ್ಟಿ, 'ಸಿಎಂಸರ್ಚ್'ನಿಂದ ದೂರದ ನೆಂಟರನ್ನು ಹುಡುಕಿ, ಸಿಕ್ಕವರನ್ನು ಸೇರಿಸಿ ಮತ್ತೆ ಕಟ್ಟಿ. ಕ್ಯಾಲಿಬ್ರೇಟ್ ನಿಧಾನ, 'ಫೋರ್‌ಕಾಸ್ಟ್' ಆಯ್ಕೆಯಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 7: ಗುರಿ ಯಾರು

ಪ್ರತಿ ಪ್ರೋಟೀನ್ ಜೀನ್‌ನ ಆರಂಭದ ಕೋಡಾನ್‌ನಿಂದ ಹಿಂದಕ್ಕೆ 200, ಮುಂದಕ್ಕೆ 100 ಬೇಸ್ ತೆಗೆದು ಇಂಟಾಆರ್‌ಎನ್‌ಎಗೆ ಕೊಡಿ. ಎರಡು ಆರ್‌ಎನ್‌ಎ ಕೂಡುವುದರಿಂದ ಬರುವ ಲಾಭದಿಂದ, ಕೂಡುವ ಜಾಗವನ್ನು ಮೊದಲು ಬಿಚ್ಚಲು ತಗಲುವ ಖರ್ಚನ್ನು ಅದು ಕಳೆಯುತ್ತದೆ. ಆರಂಭಕ್ಕೆ 7 ಜೋಡಿಗಳ ಬೀಜ ಬೇಕು. ಆರ್‌ವೈಎಚ್‌ಬಿ ಕೊಟ್ಟು ಓಡಿಸಿ, ಕಬ್ಬಿಣ ಬಳಸುವ ಸಾಡ್‌ಬಿ ಪ್ರೋಟೀನ್‌ನ ಎಂಆರ್‌ಎನ್‌ಎಯ ಆರಂಭದ ಕೋಡಾನ್ ಸುತ್ತಲಿನ ಭಾಗ ಪಟ್ಟಿಯಲ್ಲಿ ಎಲ್ಲಿದೆ ನೋಡಿ. ಅಲ್ಲಿಗೆ ಅಂಟಿ ರೈಬೋಸೋಮ್ ಕೂರದಂತೆ ಮಾಡುವುದೇ ಅದರ ಕೆಲಸ.

ಸಾವಿರಾರು ಗುರಿಗಳಲ್ಲಿ ಸುಳ್ಳು ತುಂಬ ಬರುತ್ತವೆ. ಬೇಗ ಜರಡಿ ಹಿಡಿಯುವ ಒಂದು ಉಪಾಯ: ಎಲ್ಲ ಗುರಿಗಳೂ ನಿಮ್ಮ ಆರ್‌ಎನ್‌ಎಯ ಬಾಲದ ಯು ಸಾಲಿಗೇ ಅಂಟುತ್ತಿದ್ದರೆ ಅವನ್ನು ಬಿಡಿ. ಎ ತುಂಬಿದ ಯಾವ ಎಂಆರ್‌ಎನ್‌ಎಯೂ ಅಲ್ಲಿ ಅಂಟುತ್ತದೆ, ಜೀವಕೋಶದಲ್ಲಿ ಆ ಜಾಗವನ್ನು ಎಚ್‌ಎಫ್‌ಕ್ಯೂ ಹಿಡಿದಿರುತ್ತದೆ. ನಿಜವಾದ ನಿಯಂತ್ರಕದಲ್ಲಿ ಒಂದೇ ಬಿಡಿ ಭಾಗ ಹಲವು ಗುರಿಗಳನ್ನು ಹಿಡಿಯುವುದು ಕಾಣುತ್ತದೆ. ಮೂರು ಅಥವಾ ಹೆಚ್ಚು ಜೀವಿಗಳಲ್ಲಿ ನೆಂಟ ಆರ್‌ಎನ್‌ಎ ಸಿಕ್ಕಿದ್ದರೆ ಕೋಪ್ರಾಆರ್‌ಎನ್‌ಎ ಬಳಸಿ, ಗುರಿಯೂ ಉಳಿದುಬಂದಿದೆಯೇ ಎಂದು ಅದು ಸೇರಿಸಿ ನೋಡುತ್ತದೆ.

ಹೆಜ್ಜೆ 8: ಪ್ರಯೋಗಾಲಯಕ್ಕೆ ಕೊಡುವ ಮೊದಲು

ಅಭ್ಯರ್ಥಿಯೊಳಗೆ ಚಿಕ್ಕ ಪ್ರೋಟೀನ್ ಅಡಗಿದೆಯೇ ನೋಡಿ. 227 ಅಕ್ಷರದ ಎಸ್‌ಜಿಆರ್‌ಎಸ್ ನಿಯಂತ್ರಕವೂ ಹೌದು, 43 ಅಮೈನೊ ಆಮ್ಲದ ಪ್ರೋಟೀನನ್ನೂ ಬರೆಯುತ್ತದೆ. ಜೋಡಣೆ ಇದ್ದರೆ ಆರ್‌ಎನ್‌ಎಕೋಡ್ ಇದನ್ನು ಹಿಡಿಯುತ್ತದೆ.

ಆರ್‌ಎನ್‌ಎ-ಸೀಕ್ ದತ್ತಾಂಶ ನೋಡುವಾಗ ಎಳೆಯ ಗುರುತು ಉಳಿಸಿದ ಲೈಬ್ರರಿಯೇ ಬೇಕು. ಅನೇಕ ಕಾಲಮ್ ಕಿಟ್‌ಗಳು 200 ಅಕ್ಷರಕ್ಕಿಂತ ಚಿಕ್ಕ ಆರ್‌ಎನ್‌ಎಯನ್ನು ತೊಳೆದುಬಿಡುತ್ತವೆ. ಅಂಥ ದತ್ತಾಂಶದಲ್ಲಿ ನಿಮ್ಮ 90 ಅಕ್ಷರದ ಅಭ್ಯರ್ಥಿ ಕಾಣದಿದ್ದರೆ ಅದು ಇಲ್ಲವೆಂದಲ್ಲ. ತಲೆ ಎಲ್ಲಿ ಎಂದು ನಿಖರವಾಗಿ ತಿಳಿಯಲು ಟೆಕ್ಸ್ ಕಿಣ್ವ ಹಾಕಿದ ಮತ್ತು ಹಾಕದ ಎರಡು ಲೈಬ್ರರಿಗಳನ್ನು ಹೋಲಿಸಿ: ಕತ್ತರಿಸಿ ಉಳಿದ ತುಂಡುಗಳನ್ನು ಕಿಣ್ವ ತಿನ್ನುತ್ತದೆ, ಹುಟ್ಟಿದ ತಲೆಯ ಮೂರು ಫಾಸ್ಫೇಟ್ ಇರುವದನ್ನು ಬಿಡುತ್ತದೆ. ತಲೆ ಸಿಕ್ಕ ಮೇಲೆ ಐದನೇ ಹೆಜ್ಜೆಗೆ ಹಿಂತಿರುಗಿ, ಮತ್ತೆ ಮಡಚಿ.

ನಾರ್ದರ್ನ್ ಬ್ಲಾಟ್ (ಕೋಶದಲ್ಲಿ ಆ ಆರ್‌ಎನ್‌ಎ ಇದೆಯೇ, ಎಷ್ಟು ಉದ್ದ ಎಂದು ತೋರಿಸುವ ಪ್ರಯೋಗ) ಮಾಡುವವರಿಗೆ ಅನುಕ್ರಮದ ಜೊತೆಗೆ ಎಳೆ, ಅಂದಾಜು ಉದ್ದ, ಮತ್ತು ಯಾವ ಸ್ಥಿತಿಯಲ್ಲಿ ಬೆಳೆಸಬೇಕು ಎಂಬ ಊಹೆಯನ್ನೂ ಕೊಡಿ. ಪ್ರೊಮೋಟರ್ ಪಕ್ಕ ಕಬ್ಬಿಣ ಗ್ರಹಿಸುವ ಫರ್ ಪ್ರೋಟೀನ್ ಕೂರುವ ಜಾಗ ಕಂಡರೆ ಡೈಪಿರಿಡಿಲ್ ಹಾಕಿ ಕಬ್ಬಿಣ ಕಸಿದು ಬೆಳೆಸಲು ಹೇಳಿ, ಪೆರಾಕ್ಸೈಡ್ ಗ್ರಹಿಸುವ ಆಕ್ಸಿಆರ್ ಪ್ರೋಟೀನ್‌ನ ಜಾಗವಿದ್ದರೆ ಹೈಡ್ರೋಜನ್ ಪೆರಾಕ್ಸೈಡ್. ಸಮೃದ್ಧ ಮಾಧ್ಯಮದಲ್ಲಿ ಬೆಳೆದ ಕೋಶದಲ್ಲಿ ಆರ್‌ವೈಎಚ್‌ಬಿಯೇ ಅಷ್ಟಾಗಿ ಕಾಣುವುದಿಲ್ಲ, ನಿಮ್ಮ ಅಭ್ಯರ್ಥಿ ಕಾಣಲಿಲ್ಲವೆಂದು ಪಟ್ಟಿಯಿಂದ ಹೊಡೆದುಹಾಕುವ ಮೊದಲು ಆ ಬ್ಲಾಟ್‌ನಲ್ಲಿ ಆರ್‌ವೈಎಚ್‌ಬಿಯನ್ನೂ ಒಂದು ಗೆರೆಯಲ್ಲಿ ಓಡಿಸಿ.